ಕಾಂಪೋಸ್ಟ್ ಘಟಕದ ಕಪ್ಪು ನೀರು ಮಳೆಗೆ ಹಳ್ಳ ಸೇರುತ್ತಿದೆ: ಹೊಂಡ ತೋಡಬೇಕೋ, ಚಾವಣಿ ಹಾಕಬೇಕೋ?

ಹಳ್ಳದದಂಡೆ
ಶಿವಮೊಗ್ಗ ಜಿಲ್ಲೆಯ ಘಟ್ಟದಂಚಿನ ಒಂದು ಪಟ್ಟಣ. ಊರಾಚೆ ಗುಡ್ಡದ ಬುಡದಲ್ಲಿ ಹಸಿಕಸದಿಂದ ಗೊಬ್ಬರ ಮಾಡುವ ಘಟಕ. ದಿನಕ್ಕೆ ಸುಮಾರು 6 ಟನ್ ಹಸಿಕಸ ಬರುತ್ತದೆ. 50 x 40 ಮೀಟರ್ ಕಾಂಕ್ರೀಟ್ ಅಂಗಳ, ಅದರಲ್ಲಿ 500 ಚದರ ಮೀಟರಿಗೆ ಮಾತ್ರ ಶೀಟು, ಉಳಿದದ್ದು ಬಯಲು. ಮೇಲ್ಗಡೆ ಅರ್ಧ ಹೆಕ್ಟೇರ್ ಗುಡ್ಡದ ನೀರು ಧರೆ ಇಳಿದು ಅಂಗಳಕ್ಕೇ ನುಗ್ಗುತ್ತದೆ. ಕೆಳಮೂಲೆಯಲ್ಲಿ 60 ಘನ ಮೀಟರಿನ ಲೀಚೇಟ್ (ಕಸದಿಂದ ಇಳಿಯುವ ರಸ) ತೊಟ್ಟಿ ಇದೆ. ಜೋರು ಮಳೆಯ ದಿನ ಅದು ಮಧ್ಯಾಹ್ನದೊಳಗೆ ತುಂಬಿ, ಡಿಕಾಕ್ಷನ್ ಬಣ್ಣದ ನೀರು ಮೋರಿ ದಾಟಿ ಹಳ್ಳಕ್ಕೆ ಹೋಗುತ್ತದೆ. ಕೆಳಗೆ ಅಡಿಕೆ ತೋಟಗಳು, ಕುಡಿಯುವ ಬಾವಿಗಳು.

ಈಗ 400 ಘನ ಮೀಟರಿನ ಹೊಂಡ ತೋಡುವ ಪ್ರಸ್ತಾಪ ಓಡಾಡುತ್ತಿದೆ. ಅಷ್ಟು ಸಾಕಾ? ಬೇರೆ ದಾರಿ ಇದೆಯಾ?

ಬೆಂಗ್ಳೂರ್_ಗುರು
ಇಎಂ (ಉಪಕಾರಿ ಸೂಕ್ಷ್ಮಾಣು) ದ್ರಾವಣ ಹೊಡೀರಿ ಗುರು, ವಾಸನೆ ಹೋಗುತ್ತೆ.

ಕಸರಸ
ವಾಸನೆ ಕಮ್ಮಿಯಾಗಬಹುದು. ಸಾರಜನಕ, ಉಪ್ಪು, ರಂಜಕ ಎಲ್ಲಿಗೆ ಹೋಗುತ್ತೆ? ಹಳ್ಳಕ್ಕೇ. ಅವರು ಕೇಳಿದ್ದು ವಾಸನೆಯ ಪ್ರಶ್ನೆ ಅಲ್ಲ.

ನೀರ್ಲೆಕ್ಕ
ಹೊಂಡದ ಮಾತಿಗೆ ಮೊದಲು ನೀರು ಎಲ್ಲಿಂದ ಬರ್ತಿದೆ ನೋಡೋಣ. ದಿನಕ್ಕೆ 100 ಮಿಮೀ ಮಳೆ ಅಂತ ಹಿಡಿಯಿರಿ, ನಿಮ್ಮ ಕಡೆ ಅದೇನು ಅಪರೂಪವಲ್ಲ. ಕೆಳಗಿನ 0.4, 0.9 ಅಂದರೆ ಬಿದ್ದ ಮಳೆಯಲ್ಲಿ ಹರಿದು ಬರುವ ಪಾಲು.

ಗುಡ್ಡ: 5000 ಚ.ಮೀ. x 0.1 ಮೀ. x 0.4 = 200 ಘನ ಮೀಟರ್.
ಬಯಲು ಅಂಗಳ: 1500 x 0.1 x 0.9 = 135.
ಚಾವಣಿ: 500 x 0.1 = 50.

ಒಟ್ಟು 385, ನಿಮ್ಮ ತೊಟ್ಟಿ 60. ತುಂಬದೆ ಇನ್ನೇನಾಗುತ್ತೆ? ಆದರೆ ಗಮನಿಸಿ, 385ರಲ್ಲಿ 250 ಶುದ್ಧ ನೀರು. ಗುಡ್ಡದ್ದು, ಚಾವಣಿಯದ್ದು. ಅದನ್ನು ಕಸಕ್ಕೆ ತಾಗಿಸಿ ಕೆಡಿಸಿ, ಆಮೇಲೆ ಅದಕ್ಕೊಂದು ಹೊಂಡ ತೋಡಲು ಹೊರಟಿದ್ದಾರೆ. ಗುಡ್ಡದ 0.4 ಕೂಡ ಜೂನ್ ತಿಂಗಳ ಲೆಕ್ಕ. ಜುಲೈ ಕೊನೆಗೆ ಮಣ್ಣು ಕುಡಿದು ತುಂಬಿರುತ್ತೆ, ಆಗ 0.6 ಹಿಡಿದರೂ ಹೆಚ್ಚಲ್ಲ.

ಮೊದಲ ಕೆಲಸ ಅಂಗಳದ ಮೇಲ್ಗಡೆ ಒಂದು ಅಡ್ಡಗಾಲುವೆ. ಗಂಟೆಗೆ 60 ಮಿಮೀ ಬಿರುಸಿನ ಮಳೆಗೆ ಆ ಗುಡ್ಡದಿಂದ, ಅರ್ಧ ಪಾಲು ಹರಿದರೆ, ಸೆಕೆಂಡಿಗೆ ಸುಮಾರು 42 ಲೀಟರ್ ಬರುತ್ತೆ. ತಳ 30 ಸೆಂಮೀ, ಆಳ 45 ಸೆಂಮೀ, ಬದಿ 1:1 ಓರೆ, ನೂರಕ್ಕೆ ಒಂದು ಇಳಿಜಾರು ಕೊಟ್ಟರೆ ಅಷ್ಟು ನೀರು ಬರೀ 15 ಸೆಂಮೀ ಆಳದಲ್ಲಿ ಹರಿದುಹೋಗುತ್ತೆ. ಉಳಿದ ಆಳ ತರಗೆಲೆಗೆ, ಧರೆ ಜರಿದ ಮಣ್ಣಿಗೆ. ತೋಡಿದ ಮಣ್ಣನ್ನು ಅಂಗಳದ ಕಡೆಗೇ ಬದುವಾಗಿ ಹಾಕಿ ಗುದ್ದಿಸಿ, ಗುಡ್ಡದ ಕಡೆಗೆ ಹಾಕಬೇಡಿ.

ಅಡಿಕೆಸಿಪ್ಪೆ
ಇದು ನಮ್ಮ ತೋಟದ ಬೇಲಿ ಅಗಳವೇ ಆಯ್ತಲ್ಲ. ಒಂದು ಮಾತು ಸೇರಿಸ್ತೀನಿ. ಇಳಿಜಾರು ನೂರಕ್ಕೆ ಮೂರು ದಾಟಿದರೆ ಬರೀ ಮಣ್ಣಿನ ಅಗಳ ಒಂದೇ ಮಳೆಗಾಲಕ್ಕೆ ಕೊರೆದು ಆಳುದ್ದ ಆಗುತ್ತೆ. ಅಲ್ಲಲ್ಲಿ ಕಲ್ಲು ಕಟ್ಟಿ ಮೆಟ್ಟಿಲು ಕೊಡಬೇಕು. ಕೊನೆಗೆ ನೀರು ಬಿಡೋ ಜಾಗದಲ್ಲೂ ಕಲ್ಲು ಹಾಸಬೇಕು, ಇಲ್ಲಾಂದ್ರೆ ಕೆಳಗಿನವರ ತೋಟಕ್ಕೆ ಹೂಳು.

ಕುಡ್ಲದ_ಮಳೆ
ಚಾವಣಿಯ ನೀರಿನದ್ದೂ ಹಾಗೆಯೇ ಮಾರಾಯ್ರೆ. ಎಷ್ಟೋ ಘಟಕಗಳಲ್ಲಿ ಶೀಟು ಉಂಟು, ದಂಬೆ (ಮಾಡಿನಂಚಿನ ನೀರಿನ ದೋಣಿ) ಇಲ್ಲ. ಮಾಡಿನ ನೀರು ಪೂರ್ತಿ ರಾಶಿಯ ಬುಡಕ್ಕೇ ಬೀಳುವುದು. ಮತ್ತೆ ಶೀಟು ಹಾಕಿ ಏನು ಪ್ರಯೋಜನ? 500 ಚದರ ಮೀಟರಿಗೆ ಸಾಕಷ್ಟು ಇಳಿಪೈಪು ಬೇಕು. ಪೈಪಿನ ಬಾಯಿ ಅಂಗಳದ ಚರಂಡಿಗೆ ಬೀಳಬಾರದು, ಪ್ರತ್ಯೇಕವಾಗಿ ಹೊರಗೆ ಹೋಗಬೇಕು.

ಹಳ್ಳದದಂಡೆ
ಇಲ್ಲೂ ದಂಬೆ ಇಲ್ಲ. ಸರಿ, ಗುಡ್ಡ ಮತ್ತು ಚಾವಣಿ ತೆಗೆದರೆ ಉಳಿಯುವುದು ದಿನಕ್ಕೆ 135. ಹಾಗಾದರೆ 400ರ ಹೊಂಡ ಮೂರು ದಿನದ ಮಳೆ ಹಿಡಿಯುತ್ತದೆ, ಅಲ್ವಾ?

ನೀರ್ಲೆಕ್ಕ
ಹೊಂಡದ ಮೇಲೂ ಮಳೆ ಬೀಳುತ್ತೆ ಸ್ವಾಮಿ. ನೀರು 1.5 ಮೀಟರ್ ಆಳ, ಬದಿ 1:1.5 ಓರೆ ಅಂದರೆ, 400ರ ಬದಲು ಸ್ವಲ್ಪ ಹೆಚ್ಚೇ ಇರಲಿ ಅಂತ ಸುಮಾರು 440 ಘನ ಮೀಟರ್ ಹಿಡಿಸಲು ನೀರಿನ ಮೇಲ್ಮೈ 22 x 17 ಮೀಟರ್ ಆಗುತ್ತೆ. ಅಂದರೆ 374 ಚದರ ಮೀಟರ್. 100 ಮಿಮೀ ಮಳೆಗೆ ಹೊಂಡವೊಂದೇ 37 ಘನ ಮೀಟರ್ ಮಳೆನೀರು ಹಿಡಿದುಕೊಳ್ಳುತ್ತೆ. ಮೂರು ದಿನಕ್ಕೆ 405 + 112 = 517. ತುಂಬಿ ಹರಿಯಿತು.

ಮಲೆನಾಡಿನ ಮಳೆಗಾಲದಲ್ಲಿ ಮೂರು ದಿನ ಆದಮೇಲೆ ಬಿಸಿಲು ಬಂದು ಹೊಂಡ ಆರುತ್ತದೆ ಅನ್ನುವ ನಂಬಿಕೆಯೇ ತಪ್ಪು. ಅದರ ಬದಲು ಇನ್ನೂ 1000 ಚದರ ಮೀಟರ್ ಚಾವಣಿ ಹಾಕಿದರೆ ದಿನಕ್ಕೆ 90 ಘನ ಮೀಟರ್ ಹುಟ್ಟುವುದೇ ಇಲ್ಲ. ಉಳಿಯುವ 45ಕ್ಕೆ ಈಗಿನ ತೊಟ್ಟಿಯ ಜೊತೆ ಒಂದು ಸಣ್ಣ ಹೊಂಡ ಸಾಕು.

ಧಾರವಾಡ_ಮಂದಿ
ಇದು ನಿಮ್ಮ ಕಡಿ ಮಾತಾತ್ರಿ. ನಮ್ಮ ಬಯಲುಸೀಮ್ಯಾಗ ಲೆಕ್ಕ ತಿರುಗಾಮುರುಗಾ ಐತಿ. ವರ್ಷದಾಗ ಎಂಟು ತಿಂಗಳು ರಾಶಿಗೆ ನೀರು ಹಾಕೂದ ಕಷ್ಟ, ಬೋರಿನ ನೀರು ತಂದು ಹೊಡೀತಾರ. ಅಲ್ಲಿ ಹೊಂಡದ ನೀರು ಅಂದ್ರ ಆಸ್ತಿ. ಹಸಿ ರಾಶಿಗೆ ತಿರುಗಿ ಹೊಡದ್ರ ಆತು. ಎಲ್ಲಾರಿಗೂ ಚಾವಣಿ ಅನ್ನಬ್ಯಾಡ್ರಿ.

ಕಸರಸ
ಒಪ್ಪಿದೆ, ಆದರೆ ಎರಡು ಷರತ್ತು. ಒಂದು, ಹೊಂಡದ ನೀರನ್ನು ಹೊಸ ರಾಶಿಗೆ ಮಾತ್ರ ಹಾಕಬೇಕು, ಅಂದರೆ ಇನ್ನೂ 55 ಡಿಗ್ರಿ ಕಾವು ಏರಿ ನಿಲ್ಲದ ರಾಶಿಗೆ. ಪಕ್ವವಾದ ಗೊಬ್ಬರಕ್ಕೆ ಹೊಡೆದರೆ ಕಾವಿಗೆ ಸತ್ತ ರೋಗಾಣುಗಳನ್ನು ವಾಪಸು ಕರೆತಂದಂತೆ. ಎರಡು, ಉಪ್ಪು. ನೀರು ಆರಿಹೋಗುತ್ತೆ, ಉಪ್ಪು ರಾಶಿಯಲ್ಲೇ ಉಳಿಯುತ್ತೆ. ತಿರುಗಿಸಿ ತಿರುಗಿಸಿ ಹೊಡೆದರೆ ಗೊಬ್ಬರದ ಇಸಿ (ಉಪ್ಪಿನಂಶ ತೋರಿಸುವ ವಿದ್ಯುತ್ ವಾಹಕತೆ) ಏರುತ್ತೆ. ರಸಗೊಬ್ಬರ ನಿಯಂತ್ರಣ ಆದೇಶದ ಪ್ರಕಾರ ನಗರ ಕಾಂಪೋಸ್ಟಿನ ಇಸಿ 4 ಮೀರುವಂತಿಲ್ಲ. ಅಡುಗೆಮನೆ ಕಸ ಮೊದಲೇ ಉಪ್ಪುಪ್ಪು, ಬಯಲುಸೀಮೆಯ ಬೋರಿನ ನೀರೂ ಸೇರಿದರೆ ಮಿತಿ ದಾಟೋದು ಸುಲಭ.

ಧಾರವಾಡ_ಮಂದಿ
ಖರೇ. ಇಸಿ ಮೀಟರ್ ಒಂದು ತಗೊಂಡು ವಾರಕ್ಕೊಮ್ಮೆ ನೋಡಬೇಕು. ದೊಡ್ಡ ಖರ್ಚಿನ ಸಾಮಾನಲ್ಲ.

ಬೆಂಗ್ಳೂರ್_ಗುರು
ಚಾವಣಿ ಯಾಕೆ, ಟಾರ್ಪಲ್ ಮುಚ್ಚಿದ್ರೆ ಆಗಲ್ವಾ? ಹತ್ತರಲ್ಲಿ ಒಂದು ಭಾಗ ಖರ್ಚು.

ಕಸರಸ
ಟಾರ್ಪಲ್ ಮುಚ್ಚಿದ ರಾಶಿಯಿಂದ ಜಾರಿದ ಮಳೆನೀರು ಎಲ್ಲಿಗೆ ಬೀಳುತ್ತೆ? ರಾಶಿ ನಡುವಿನ ಓಣಿಗೆ. ಓಣಿಯಲ್ಲಿ ಏನಿರುತ್ತೆ? ಲೋಡರ್ ಚೆಲ್ಲಿದ ಹಸಿಕಸ. ಹಾಗಾಗಿ ಟಾರ್ಪಲ್‌ನಿಂದ ನೀರು ತೆಳುವಾಗುತ್ತೆ, ಕಮ್ಮಿಯಾಗಲ್ಲ. ನಿಮ್ಮ ತೊಟ್ಟಿ ಅಷ್ಟೇ ಬೇಗ ತುಂಬುತ್ತೆ.

ಇನ್ನೊಂದು, ಟಾರ್ಪಲ್ ಗಾಳಿ ಬಿಡಲ್ಲ. ಎರಡು ದಿನ ಮುಚ್ಚಿಟ್ಟರೆ ಒಳಗೆ ಉಸಿರುಗಟ್ಟಿ ಹುಳಿ ವಾಸನೆ, ತಳದಿಂದ ಇನ್ನೂ ಕೆಟ್ಟ ರಸ ಇಳಿಯುತ್ತೆ. ಗಾಳಿಯಾಡುವ ಫ್ಲೀಸ್ ಹೊದಿಕೆ ಬರುತ್ತೆ, ನೀರನ್ನು ಜಾರಿಸಿ ಹಬೆಯನ್ನು ಬಿಡುತ್ತೆ. ಅದು ಪರವಾಗಿಲ್ಲ. ಆದರೆ ರಾಶಿಯ ತುದಿ ಚೂಪಾಗಿರಬೇಕು. ತುದಿ ಚಪ್ಪಟೆ ಇದ್ದರೆ ಫ್ಲೀಸ್ ಮೇಲೆ ನೀರು ನಿಂತು ಒಳಗೆ ಸೋರುತ್ತೆ.

ಅಡಿಕೆಸಿಪ್ಪೆ
ಹೊದಿಕೆ ಏನೂ ಇಲ್ಲದವರು ಪಕ್ವವಾದ ಒಣ ಗೊಬ್ಬರವನ್ನೇ ಹೊಸ ರಾಶಿಯ ಮೇಲೆ ಒಂದು ಗೇಣು ಹೊದಿಸಬಹುದು. ಸಣ್ಣ ಮಳೆಯನ್ನು ಅದೇ ಕುಡಿಯುತ್ತೆ, ವಾಸನೆಯನ್ನೂ ಹಿಡಿಯುತ್ತೆ. ಆಷಾಢದ ಜಡಿಮಳೆಗೆ ಮಾತ್ರ ಇದು ನಿಲ್ಲಲ್ಲ.

ಕುಡ್ಲದ_ಮಳೆ
ಚಾವಣಿ ಅಂತ ತೀರ್ಮಾನ ಆದರೆ ಇರಚಲಿನ ಬಗ್ಗೆ ಈಗಲೇ ಯೋಚನೆ ಮಾಡಿ. ಲೋಡರ್ ಬಕೆಟ್ ಎತ್ತಲಿಕ್ಕೆ ಐದಾರು ಮೀಟರ್ ಎತ್ತರ ಬೇಕಾಗ್ತದೆ. ಅಷ್ಟು ಎತ್ತರದ ತೆರೆದ ಮಾಡಿಗೆ ಮುಂಗಾರಿನ ಗಾಳಿ ಪಶ್ಚಿಮ, ನೈರುತ್ಯದಿಂದ ಹೊಡೆದರೆ ಅಂಚಿನ ಎರಡು ಸಾಲು ಪೂರ್ತಿ ಚಂಡಿ. ಆ ಎರಡು ಬದಿಗೆ ಮೇಲಿನಿಂದ ಅರ್ಧದವರೆಗೆ ಶೀಟು ಇಳಿಸಬೇಕು, ಮಾಡನ್ನು 1.2ರಿಂದ 1.5 ಮೀಟರ್ ಹೊರಚಾಚಬೇಕು. ನೆತ್ತಿಯಲ್ಲಿ ಹಬೆ ಹೋಗಲು ತೆರವು ಬಿಡಬೇಕು.

ಸಾದಾ ಜಿಐ ಶೀಟು, ಬಣ್ಣ ಬಳಿಯದ ಕಬ್ಬಿಣದ ಟ್ರಸ್ ಹಾಕಬೇಡಿ. ಬಿಸಿ ಹಬೆ, ಅಮೋನಿಯಾ ಎರಡೂ ಸೇರಿ ಬೋಲ್ಟಿನ ಹತ್ತಿರದಿಂದಲೇ ತುಕ್ಕು ಹಿಡಿಯುವುದು. ಎಪಾಕ್ಸಿ ಬಳಿದ ಟ್ರಸ್, ಫೈಬರ್ ಶೀಟು ಅಥವಾ ಒಳ್ಳೆ ಕೋಟಿಂಗ್ ಇರುವ ಶೀಟು ಬೇಕು.

ಬೆಂಗ್ಳೂರ್_ಗುರು
ಕುಡ್ಲ, ಅಂದರೆ ಮಂಗಳೂರು ಅಂದಮೇಲೆ ಅಲ್ಲಿನ ಪಚ್ಚನಾಡಿ ನೆನಪಾಯ್ತು. 2019ರ ಆಗಸ್ಟ್ ಮಳೆಗೆ ಕಸದ ಗುಡ್ಡವೇ ಜಾರಿ ಮಂದಾರದ ಮನೆ, ತೋಟ ಮುಚ್ಚಿತಲ್ಲ.

ಕುಡ್ಲದ_ಮಳೆ
ಅದು ಡಂಪಿಂಗ್ ಯಾರ್ಡ್ ಮಾರಾಯ್ರೆ, ವರ್ಷಗಟ್ಟಲೆ ಸುರಿದ ಮಿಶ್ರ ಕಸ. ಇಲ್ಲಿ ಕೇಳಿದ್ದು ಎರಡು ಮೀಟರ್ ಎತ್ತರದ ಗೊಬ್ಬರದ ಸಾಲಿನ ಬಗ್ಗೆ. ನೀರು ಒಳಹೊಕ್ಕು ರಾಶಿ ಭಾರವಾಗುವ ಅಪಾಯ ಎರಡಕ್ಕೂ ಉಂಟು, ಅಷ್ಟು ಹೌದು. ಮಾರಿಹೋಗದ ಗೊಬ್ಬರವನ್ನು ಧರೆಯಂಚಿನಲ್ಲಿ ಗುಡ್ಡೆ ಹಾಕುತ್ತಾ ಹೋದರೆ ಅದೂ ಒಂದು ದಿನ ಜಾರೀತು.

ಲ್ಯಾಬ್_ಮೇಡಂ
ಎಲ್ಲರೂ ನೀರು ಎಷ್ಟು ಅಂತಲೇ ಮಾತಾಡ್ತಿದ್ದೀರಿ, ನೀರು ಎಂಥದ್ದು ಅಂತಲೂ ನೋಡಿ. 2016ರ ಘನತ್ಯಾಜ್ಯ ನಿರ್ವಹಣೆ ನಿಯಮಗಳ ಅನುಬಂಧದಲ್ಲಿ ಸಂಸ್ಕರಿಸಿದ ಲೀಚೇಟ್ ಹಳ್ಳ, ಕೆರೆಗೆ ಬಿಡಬೇಕಾದರೆ ಬಿಒಡಿ (ನೀರಲ್ಲಿನ ಕೊಳೆಯನ್ನು ಕರಗಿಸಲು ಜೀವಾಣುಗಳಿಗೆ ಬೇಕಾಗುವ ಆಮ್ಲಜನಕ) ಲೀಟರಿಗೆ 30 ಮಿಗ್ರಾಂ, ಸಿಒಡಿ (ಅದನ್ನೇ ರಾಸಾಯನಿಕವಾಗಿ ಅಳೆದದ್ದು) 250, ತೇಲುಕಣ 100, ಅಮೋನಿಯಾ ಸಾರಜನಕ 50 ಮೀರಬಾರದು ಅಂತಿತ್ತು. ಭೂಮಿಗೆ ಬಿಡುವುದಾದರೆ ಬಿಒಡಿ 100. ಹಸಿಕಸದ ತಾಜಾ ರಸದ ಬಿಒಡಿ ಸಾವಿರಗಳಲ್ಲಿ ಇರುತ್ತೆ, ಹತ್ತು ಸಾವಿರ ದಾಟುವುದೂ ಉಂಟು. ಅಂಗಳ ತೊಳೆದ ಮಳೆನೀರು ಅದಕ್ಕಿಂತ ಬಹಳ ತೆಳು. ಇವೆರಡನ್ನೂ ಒಂದೇ ತೊಟ್ಟಿಗೆ ಬಿಟ್ಟರೆ ಕಮ್ಮಿ ಇದ್ದ ಕೆಟ್ಟ ನೀರು ಹೋಗಿ ಬೇಕಾದಷ್ಟು ಕೆಟ್ಟ ನೀರಾಗುತ್ತೆ.

ಹಾಗಾಗಿ ಕಸ ಇಳಿಸುವ ಜಾಗ ಮತ್ತು ಮೊದಲ ಎರಡು ವಾರದ ರಾಶಿಗಳು ಚಾವಣಿಯಡಿ ಇರಬೇಕು. ಅವುಗಳ ರಸಕ್ಕೆ ಪ್ರತ್ಯೇಕ ಚರಂಡಿ, ಈಗಿನ 60ರ ತೊಟ್ಟಿ. ಬಯಲಲ್ಲಿ ಬಲಿಯುತ್ತಿರುವ ರಾಶಿಗಳ ನೀರು ಬೇರೆ ಹೊಂಡಕ್ಕೆ.

ನೀರ್ಲೆಕ್ಕ
ಮೇಡಂ, ಮೊದಲ 15 ಮಿಮೀ ಮಳೆಯ ನೀರನ್ನು ಹೊಂಡಕ್ಕೆ ತಿರುಗಿಸಿ, ಆಮೇಲಿನದ್ದನ್ನು ಹೊರಗೆ ಬಿಟ್ಟರೆ? ಮನೆ ಮಳೆಕೊಯ್ಲಿನಲ್ಲಿ ಮೊದಲ ನೀರು ಬಿಡುವುದಿಲ್ವೇ, ಅದನ್ನೇ ಉಲ್ಟಾ.

ಲ್ಯಾಬ್_ಮೇಡಂ
ಚಾವಣಿಗೆ, ರಸ್ತೆಗೆ ಅದು ಸರಿ, ಏಕೆಂದರೆ ಮೇಲಿನ ಧೂಳು ಒಮ್ಮೆ ತೊಳೆದರೆ ಮುಗೀತು. ಇಲ್ಲಿ ರಾಶಿ ನಿಂತೇ ಇದೆ. ಮಳೆ ಒಳಗಿಳಿದಷ್ಟೂ ಹೊತ್ತು ಕರಗಿದ ಸಾವಯವ, ಉಪ್ಪು ಬರುತ್ತಲೇ ಇರುತ್ತೆ. ಕೆಲವೊಮ್ಮೆ ರಾಶಿ ನೆನೆದು ತುಂಬಿದ ಮೇಲೆ, ಅಂದರೆ ಮಳೆ ಶುರುವಾಗಿ ಎಷ್ಟೋ ಗಂಟೆಯ ನಂತರ ಕಪ್ಪು ರಸ ಜೋರಾಗಿ ಇಳಿಯುತ್ತೆ. ಮೊದಲ 15 ಮಿಮೀ ಹಿಡಿದು ಉಳಿದದ್ದು ಬಿಡುವ ಯೋಜನೆಯನ್ನು ಓಡಾಟದ ದಾರಿ, ತೂಕದ ಸೇತುವೆಯ ಜಾಗಕ್ಕೆ ಬಳಸಿ. ರಾಶಿಯಿರುವ ಅಂಗಳಕ್ಕೆ ಬೇಡ.

ನೀರ್ಲೆಕ್ಕ
ಒಪ್ಪಿದೆ. ಹಾಗಿದ್ರೆ ಹೊರಬಾಯಿಯ ವಾಲ್ವ್ ಸದಾ ಮುಚ್ಚಿಯೇ ಇರಬೇಕು. ನೋಡಿ, ಅಳೆದು, ಆಮೇಲೆ ಕೈಯಿಂದ ತೆರೆಯುವಂಥದ್ದು.

ಅಡಿಕೆಸಿಪ್ಪೆ
ಆ ಕಪ್ಪು ನೀರನ್ನು ತೋಟಕ್ಕೇ ಬಿಟ್ಟರಾಯ್ತಲ್ಲ, ಗೊಬ್ಬರದ ನೀರು ತಾನೆ ಅಂತ ಯಾರಾದರೂ ಹೇಳುವ ಮುಂಚೆ ಹೇಳ್ತೀನಿ: ಬೇಡ. ಅದು ಜೀವಾಮೃತ ಅಲ್ಲ. ಹುಳಿ ಬಂದ, ಆಮ್ಲಜನಕ ಇಲ್ಲದ ನೀರು ಅಡಿಕೆ ಬುಡದಲ್ಲಿ ನಿಂತರೆ ಬೇರು ಕೊಳೆಯುತ್ತೆ. ಮಳೆಗಾಲದಲ್ಲಿ ಬಸಿಗಾಲುವೆ ತೋಡಿ ನೀರು ಹೊರಹಾಕುವ ತೋಟಕ್ಕೆ ಇನ್ನೂ ನೀರು ಯಾರು ಬಿಡ್ತಾರೆ? ಮಿಶ್ರ ಕಸದ ಘಟಕವಾದರೆ ಭಾರಲೋಹದ ಭಯ ಬೇರೆ.

ಕಸರಸ
ರಸ ಹುಟ್ಟುವುದನ್ನೇ ಕಮ್ಮಿ ಮಾಡುವ ವಿಷಯ ಯಾರೂ ಎತ್ತಲಿಲ್ಲ. ಹಸಿಕಸದ ತೇವ ನೂರಕ್ಕೆ 75 ಇದೆ ಅಂದುಕೊಳ್ಳಿ. 6 ಟನ್‌ನಲ್ಲಿ 4.5 ಟನ್ ನೀರೇ. ರಾಶಿ ಚೆನ್ನಾಗಿ ಬೇಯಲು 60ಕ್ಕೆ ಇಳಿಸಬೇಕು. ನೂರಕ್ಕೆ 15 ತೇವದ ಒಣ ಸಾಮಗ್ರಿ 2 ಟನ್ ಬೆರೆಸಿದರೆ ಲೆಕ್ಕ ಸರಿಹೋಗುತ್ತೆ: 4.8 ಟನ್ ನೀರು, 8 ಟನ್ ರಾಶಿ. ಮಲೆನಾಡಿನಲ್ಲಿ ಅಡಿಕೆ ಸಿಪ್ಪೆ ಬೇಕಾದಷ್ಟು ಇದೆ, ರಸ್ತೆ ಬದಿ ಸುಡುತ್ತಾರೆ. ಇಲ್ಲಿ ಹೆಸರಿಟ್ಟುಕೊಂಡವರೇ ಇದ್ದಾರಲ್ಲ!

ಅಡಿಕೆಸಿಪ್ಪೆ
ಹಹ್ಹ. ಕೊಡ್ತೀವಿ, ಬಂದು ತಗೊಂಡು ಹೋಗಿ. ಆದರೆ ಸುಲಿ ಅಡಿಕೆ ಸಿಪ್ಪೆ ಸಿಗೋದು ಕೊಯ್ಲಿನ ಕಾಲದಲ್ಲಿ, ಅಂದರೆ ಚಳಿಗಾಲದ ಆಸುಪಾಸು. ನಿಮಗೆ ಬೇಕಾಗೋದು ಜೂನ್‌ನಲ್ಲಿ. ಒಣಗಿಸಿ ಮಳೆ ತಾಗದ ಕಡೆ ದಾಸ್ತಾನು ಮಾಡದಿದ್ದರೆ ಸಿಪ್ಪೆಯೇ ನೀರು ಕುಡಿದು ಕೂತಿರುತ್ತೆ.

ಧಾರವಾಡ_ಮಂದಿ
ಸಿಪ್ಪಿ ಕೊಳೀಲಿಕ್ಕ ಬಾಳ ದಿನಾ ಹಿಡೀತೈತಲ್ರಿ?

ಕಸರಸ
ಕೊಳೆಯದಿದ್ದರೇ ಒಳ್ಳೇದು. ಜರಡಿಯಲ್ಲಿ ಮೇಲುಳಿದ ಸಿಪ್ಪೆಯನ್ನು ವಾಪಸು ಹೊಸ ರಾಶಿಗೆ ಹಾಕಿ. ಗಾಳಿಗೆ ಜಾಗ ಬಿಡುವುದಷ್ಟೇ ಅದರ ಕೆಲಸ.

ಹಳ್ಳದದಂಡೆ
ಅಂಗಳದ ಬಗ್ಗೆ ಹೇಳಿ. ರಾಶಿಗಳು ಈಗ ಇಳಿಜಾರಿಗೆ ಅಡ್ಡವಾಗಿವೆ. ಕಾಂಕ್ರೀಟ್ ಅಲ್ಲಲ್ಲಿ ಬಿರುಕು.

ನೀರ್ಲೆಕ್ಕ
ಅಡ್ಡ ಹಾಕಿದರೆ ಪ್ರತಿ ರಾಶಿಯೂ ಒಂದು ಒಡ್ಡು. ಮೇಲ್ಬದಿಯಲ್ಲಿ ನೀರು ನಿಂತು ರಾಶಿಯ ತಳ ನೆನೆಯುತ್ತೆ, ಅಲ್ಲಿಂದಲೇ ಕೊಳೆತ ವಾಸನೆ. ಇಳಿಜಾರಿನ ಉದ್ದಕ್ಕೆ ಹಾಕಿ, ಓಣಿಯಲ್ಲಿ ನೀರು ಸಲೀಸಾಗಿ ಕೆಳಗೆ ಇಳಿಯಲಿ. 2016ರ ನಿಯಮ ಹೇಳಿದ್ದು ನೂರಕ್ಕೆ 1ರಿಂದ 2 ಇಳಿಜಾರು. ಮಲೆನಾಡಿಗೆ 2 ಇರಲಿ, ಒಂದರಲ್ಲಿ ಲೋಡರ್ ಚಕ್ರ ಒತ್ತಿದ ಕಡೆಯೆಲ್ಲ ನೀರು ನಿಲ್ಲುತ್ತೆ.

ಬಿರುಕು ಬರೀ ಸಿಮೆಂಟು ಬಳಿದರೆ ನಿಲ್ಲಲ್ಲ. ಹಸಿಕಸದ ರಸ ಹುಳಿ, ಅದು ಕಾಂಕ್ರೀಟನ್ನೇ ತಿನ್ನುತ್ತೆ. ಬಿರುಕನ್ನು ಕತ್ತರಿಸಿ ಅಗಲ ಮಾಡಿ, ಧೂಳು ಊದಿ, ಒಣಗಿದ ಮೇಲೆ ಪಾಲಿಸಲ್ಫೈಡ್ ಸೀಲೆಂಟ್ ತುಂಬಬೇಕು. ಏಪ್ರಿಲ್‌ನಲ್ಲೇ ಮಾಡಿ, ಒದ್ದೆಗೆ ಅದು ಹಿಡಿಯಲ್ಲ.

ಕುಡ್ಲದ_ಮಳೆ
ಕಾಂಕ್ರೀಟ್ ಬದಲು ಮುರಕಲ್ಲಿನ ನೆಲವೇ ಗಟ್ಟಿ ಉಂಟಲ್ಲ ಎಂದು ಬಿಡುವವರಿದ್ದಾರೆ. ಮುರಕಲ್ಲು ಪೂರ್ತಿ ತೂತು. ಮೇಲೆ ಒಣಗಿದ ಹಾಗೆ ಕಂಡರೆ ನೀರು ಬಾವಿಗೆ ಹೋಯಿತು ಎಂದೇ ಅರ್ಥ. ಜೇಡಿಮಣ್ಣಾದರೆ 50 ಸೆಂಮೀ ದಪ್ಪ ಗುದ್ದಿಸಬೇಕೆಂದು 2016ರ ನಿಯಮದಲ್ಲೇ ಇತ್ತು. ಅದರ ಮೇಲೆ ಲೋಡರ್ ಓಡಿಸಿದರೆ ಒಂದೇ ಮಳೆಗಾಲಕ್ಕೆ ಗದ್ದೆ.

ನೀರ್ಲೆಕ್ಕ
ಹೊಂಡಕ್ಕೆ ಮುಂಚೆ ಹೂಳು ತೊಟ್ಟಿ ಮರೆಯಬೇಡಿ. 1500 ಚದರ ಮೀಟರ್ ಬಯಲಿಂದ ಬಿರುಸಿನ ಮಳೆಗೆ ಗಂಟೆಗೆ 81 ಘನ ಮೀಟರ್ ಬರುತ್ತೆ. 10 x 4 ಮೀಟರ್, ಒಂದೂವರೆ ಮೀಟರ್ ಆಳದ ತೊಟ್ಟಿ ಸಾಕು. ಮುಂದೆ ಚಾವಣಿ ಹೆಚ್ಚಿದರೆ ಇನ್ನೂ ಚಿಕ್ಕದು. ಒಳಬಾಯಿಗೆ ಪ್ಲಾಸ್ಟಿಕ್ ತಡೆಯಲು 10 ಮಿಮೀ ಸಂದಿನ ಸರಳು ಜಾಲರಿ, ಹೊರಬಾಯಿಗೆ ಮುಂಚೆ ತೇಲುಕಸ ತಡೆಯುವ ಒಂದು ಅಡ್ಡ ಹಲಗೆ. ಒಂದು ಕೊನೆಗೆ ಲೋಡರ್ ಇಳಿಯುವ ರ‍್ಯಾಂಪ್ ಕೊಡಿ. ರ‍್ಯಾಂಪ್ ಇಲ್ಲದ ತೊಟ್ಟಿಯ ಹೂಳನ್ನು ಯಾರೂ ತೆಗೆಯುವುದಿಲ್ಲ.

ಮರಳು, ಮಣ್ಣು ಇಲ್ಲಿ ಕೂರುತ್ತೆ. ಗೊಬ್ಬರದ ನುಣುಪು ಪುಡಿ ಬಹುಪಾಲು ತೇಲಿಕೊಂಡೇ ಮುಂದೆ ಹೋಗುತ್ತೆ. ಬಣ್ಣವಂತೂ ಕೂರುವುದೇ ಇಲ್ಲ, ಅದು ಗೊಬ್ಬರದಿಂದ ಕರಗಿದ ಹ್ಯೂಮಿಕ್ ವಸ್ತು.

ಬೆಂಗ್ಳೂರ್_ಗುರು
ಕೊನೆಗೆ ಕಾಬಾಳೆ, ಲಾವಂಚ ನೆಟ್ಟ ಜಲ್ಲಿ ಹಾಸು ಮಾಡಿದ್ರೆ ಎಲ್ಲಾ ಕ್ಲೀನ್ ಆಗುತ್ತಂತಲ್ಲ?

ಲ್ಯಾಬ್_ಮೇಡಂ
ಕೊನೆಯ ಹಂತಕ್ಕೆ ಒಳ್ಳೇದು, ಹೊಂಡದಿಂದ ದಿನಕ್ಕೆ ಸ್ವಲ್ಪ ಸ್ವಲ್ಪವೇ ಬಿಟ್ಟರೆ ಮಾತ್ರ. ಮಳೆಯ ಹರಿವನ್ನು ನೇರ ಬಿಟ್ಟರೆ ಜಲ್ಲಿಯ ಸಂದು ಕಟ್ಟಿಕೊಂಡು ನೀರು ಮೇಲಿಂದ ಹರಿಯುತ್ತೆ, ಗಿಡ ಅಲಂಕಾರಕ್ಕೆ. ಒಳಬಾಯಿಯಲ್ಲಿ 40 ಎಂಎಂ ಜಲ್ಲಿ, ನಡುವೆ ಬೇಬಿ ಜಲ್ಲಿ, 60 ಸೆಂಮೀ ಆಳ. ಮತ್ತೆ, ಗೊಬ್ಬರ ತುಂಬಿದ ಚೀಲಗಳನ್ನು ಸೋಸುಗಟ್ಟೆಯಾಗಿ ಇಡಬೇಡಿ. ಕಣ ಹಿಡಿಯುತ್ತೆ, ಆದರೆ ರಂಜಕವನ್ನು ತಾನೇ ಬಿಡುತ್ತೆ. ಮರದ ಚಕ್ಕೆ ತುಂಬಿ.

ಧಾರವಾಡ_ಮಂದಿ
ಹೊಂಡದಾಗ ಸೊಳ್ಳಿ? ಗಪ್ಪಿ ಮೀನ ಬಿಡೂಣೇನ್ರಿ?

ಲ್ಯಾಬ್_ಮೇಡಂ
ಆ ನೀರಲ್ಲಿ ಮೀನು ಬದುಕಿದರೆ ನನಗೂ ಹೇಳಿ, ಸಂಸ್ಕರಣೆಯೇ ಬೇಡ ಅಂತ ಬರೆದುಕೊಡ್ತೀನಿ. ಗಾಳಿಯಾಡಿಸುವ ಏರೇಟರ್ ಹಾಕಿ. ಕರಗಿದ ಆಮ್ಲಜನಕ ಲೀಟರಿಗೆ 2 ಮಿಗ್ರಾಂ ಆಸುಪಾಸು ನಿಂತರೆ ಕೊಳೆತ ಮೊಟ್ಟೆ ವಾಸನೆ ಬರಲ್ಲ, ನೀರು ಅಲುಗಾಡುತ್ತಿದ್ದರೆ ಸೊಳ್ಳೆಯೂ ಮೊಟ್ಟೆ ಇಡಲ್ಲ.

ಮಾದರಿ ತೆಗೆಯುವಾಗ ಮಳೆ ನಿಂತ ಮಾರನೇ ದಿನದ ತಿಳಿನೀರು ಬೇಡ, ಹರಿಯುತ್ತಿರುವಾಗಲೇ ತೆಗೆಯಿರಿ. ಐಸ್‌ನಲ್ಲಿಟ್ಟು 24 ಗಂಟೆಯೊಳಗೆ ಲ್ಯಾಬಿಗೆ ಮುಟ್ಟಿಸಿ, ಇಲ್ಲದಿದ್ದರೆ ಬಿಒಡಿ ದಾರಿಯಲ್ಲೇ ಇಳಿದಿರುತ್ತೆ.

ಕಸರಸ
ಒಂದು ಎಚ್ಚರಿಕೆ. ಲೀಚೇಟ್ ತೊಟ್ಟಿ ಮುಚ್ಚಿದ್ದಾದರೆ ಪಂಪು ಕಟ್ಟಿಕೊಂಡಿತು ಅಂತ ಆಳನ್ನು ಇಳಿಸಬೇಡಿ. ಹೈಡ್ರೋಜನ್ ಸಲ್ಫೈಡ್ ಮೊದಲು ವಾಸನೆ ಹಿಡಿಯುವ ಶಕ್ತಿಯನ್ನೇ ಕೊಲ್ಲುತ್ತೆ, ಆಮೇಲೆ ಮನುಷ್ಯನನ್ನು. ಪಂಪಿಗೆ ಸರಪಳಿ ಕಟ್ಟಿ ಮೇಲಕ್ಕೆ ಎಳೆಯುವಂತಿರಲಿ. ಮಡ್ ಪಂಪ್, ಫ್ಲೋಟ್ ಸ್ವಿಚ್, ಜೊತೆಗೆ ಡೀಸೆಲ್ ಪಂಪ್‌ಸೆಟ್. ಜೋರು ಮಳೆಗೇ ಕರೆಂಟ್ ಹೋಗೋದು.

ಹಳ್ಳದದಂಡೆ
ಮುಂದಿನ ಸಭೆಗೆ ಹೀಗೆ ಬರೆದುಕೊಡುತ್ತೇನೆ: ಮೇ ಒಳಗೆ ಅಡ್ಡಗಾಲುವೆ, ದಂಬೆ, ಬಿರುಕು ರಿಪೇರಿ, ರಾಶಿಗಳ ದಿಕ್ಕು ಬದಲು. 400ರ ಹೊಂಡದ ಬದಲು 1000 ಚ.ಮೀ. ಚಾವಣಿ, ಹೂಳು ತೊಟ್ಟಿ, 150ರ ಹೊಂಡ. ಹೊಂಡಕ್ಕೆ ಕೃಷಿ ಹೊಂಡದ 500 ಮೈಕ್ರಾನ್ ಶೀಟ್ ಸಾಕಾ?

ನೀರ್ಲೆಕ್ಕ
ಸಾಲದು. ಹೂಳು ತೆಗೆಯುವಾಗ ಹರಿಯುತ್ತೆ. 1.5 ಮಿಮೀ ಎಚ್‌ಡಿಪಿಇ ಪ್ಲಾಸ್ಟಿಕ್ ಶೀಟು, ಅಡಿಗೆ ಜಿಯೋಟೆಕ್ಸ್‌ಟೈಲ್ ಬಟ್ಟೆ, ಮೇಲೆ ಅರ್ಧ ಮೀಟರ್ ಖಾಲಿ ಎತ್ತರ. ಚಾವಣಿ ಹಂತಹಂತವಾಗಿ ಆಗುವುದಾದರೆ ಈ ವರ್ಷಕ್ಕೆ 150 ಸಾಲದು ಅನ್ನುವುದನ್ನೂ ಬರೆಯಿರಿ, ಟ್ಯಾಂಕರಿಗೆ ದುಡ್ಡು ತೆಗೆದಿಡಲಿ.

ಕಸರಸ
ಪಟ್ಟಿಯಲ್ಲಿ ಹಂಪ್ ಇಲ್ಲ. ವಾಹನ ಒಳಬರುವ ಬಾಯಲ್ಲಿ ಅಂಗಳದ ನೀರು ಹೊರಗೆ, ರಸ್ತೆಯ ನೀರು ಒಳಗೆ. ಗುಡ್ಡದ ನೀರು ತಡೆದೂ ಗೇಟಿನಲ್ಲಿ ಸೋಲ್ತೀರಿ.

ಹಳ್ಳದದಂಡೆ
ಎತ್ತರ ಎಷ್ಟಿರಬೇಕು?

ಕಸರಸ
15 ಸೆಂಮೀ. ಎರಡೂ ಕಡೆ ಒಂದಕ್ಕೆ ಹತ್ತರ ಓರೆ, ಇಲ್ಲಾಂದ್ರೆ ಲೋಡರ್ ಬಕೆಟ್ ತಾಗಿ ಮೊದಲ ತಿಂಗಳೇ ಒಡೆದುಹಾಕ್ತಾರೆ. ಮತ್ತೆ ಸಂಜೆ ಕೆಲಸ ಮುಗಿದ ಮೇಲೆ ಚಕ್ರಕ್ಕೆ ಮೆತ್ತಿದ್ದನ್ನು ಹಂಪ್‌ನ ಒಳಗಡೆಯೇ ಕೆರೆದು, ಒಣ ಪೊರಕೆಯಲ್ಲಿ ಗುಡಿಸಿಸಿ. ನೀರು ಹಾಕಿ ತೊಳೆಸಬೇಡಿ.